ಬತೂಮಿ ಗುಡ್ಡದ ಲೆಕ್ಕ

ಎಡಗೈಯ ಕೌಂಟರಿನಲ್ಲಿ ಜೇನುಗಿಡುಗ,
ಬಲಗೈಯದರಲ್ಲಿ ಹದ್ದು.
ಜುಂಬೇರ್ ಮಾಮ ದುರ್ಬೀನು ಮುಟ್ಟುವುದಿಲ್ಲ.
"ಅಗೋ, ಟವರಿನ ಎಡಕ್ಕೆ" ಎನ್ನುತ್ತಾನೆ;
ನಾನು ಕಣ್ಣುಜ್ಜಿ ಹುಡುಕುವಷ್ಟರಲ್ಲಿ
ಬಿಸಿಗಾಳಿಯ ಸುಳಿಯಲ್ಲಿ
ಎಳ್ಳು ಚೆಲ್ಲಿದ ಹಾಗೆ.
ಟಿಕ್, ಟಿಕ್, ಟಿಕ್.

ಈ ಕಣ್ಣು ಇಪ್ಪತ್ತು ವರ್ಷ ಬಂದೂಕಿನ ಹಿಂದಿತ್ತು,
ಅವನೇ ಹೇಳಿದ್ದು, ಹಸಿ ಅಕ್ರೋಟು ಸುಲಿದು
ಕಪ್ಪಾದ ಬೆರಳು ಒರೆಸುತ್ತ.

ನಾಲ್ಕು ಸಾವಿರದ ಇನ್ನೂರ ಆರು.
ಕೆಳಗಿನ ಮೆಕ್ಕೆಜೋಳದಿಂದ ಢಂ.
ಸಾಲಿನಿಂದ ಒಂದು ಕಳಚಿ
ಒದ್ದೆ ಅಂಗಿಯಂತೆ ಬಿತ್ತು.

"ನನ್ನ ಭಾವನದು," ಎಂದ ಮಾಮ,
ಸದ್ದಿನಿಂದಲೇ ಗುರುತಿಸಿ.

ಕೌಂಟರಿಗೆ ಕಳೆಯಲು ಬರುವುದಿಲ್ಲ.
ದಾಟಿದ್ದು ದಾಟಿತು ಎಂದೇ ಲೆಕ್ಕ.
ಮಡಿಲ ಸಿಪ್ಪೆ ಕೊಡವಿ ಎದ್ದು
ಅವನು ಇಳಿಜಾರು ಹಿಡಿದ.
ಅರ್ಧದಲ್ಲಿ ನಿಂತು, ತಿರುಗದೆಯೇ ಕೂಗಿದ:
"ಎಡಕ್ಕೆ ನೋಡು. ಇನ್ನೂ ಬರ್ತಿವೆ."