ಗುಂಡಿಗೆ ಕಲಿಸಿದ ಮಾತು

ಆರು ಕುಪ್ಪಸದ ಕೂಲಿ ಬಾಕಿ ಇಟ್ಟು
ನಾಶಿಕಕ್ಕೆ ಮನೆ ಬದಲಿಸಿದ ಆಪಟೆ ಬಾಯಿ
ರೊಕ್ಕದ ಬದಲಿಗೆ ಈ ಮರಿಯನ್ನು
ಬಟ್ಟೆಯ ಚೀಲದಲ್ಲೇ ಹಾಕಿ ಕೊಟ್ಟುಹೋದಳು.
ಅರ್ಧ ಪಾಮೇರಿಯನ್, ಉಳಿದರ್ಧ ಕಸಬಾ ಪೇಟೆ.
ಮೂಗಿನ ತುದಿ ಕೋಟಿನ ಗುಂಡಿಯ ಹಾಗೆ ಕಪ್ಪು, ದುಂಡಗೆ.
ಹೆಸರಿಗಾಗಿ ಬೇರೆ ಕಡೆ ಹುಡುಕಲಿಲ್ಲ.

ನನ್ನ ಎಡಗಿವಿ ಹೋಗಿ ಆರು ವರ್ಷ. ಬಲಗಿವಿ
ವಾಡೆಯ ಹಳೇ ಬಾಡಿಗೆದಾರನ ಹಾಗೆ
ಇವತ್ತು ಖಾಲಿ ಮಾಡುತ್ತೇನೆ, ನಾಳೆ ಮಾಡುತ್ತೇನೆ ಎನ್ನುತ್ತಿತ್ತು.
ಗಿರಾಕಿಗಳು ಬಾಗಿಲು ಬಡಿದು ಬಡಿದು
ಹಿಂದಿನ ಓಣಿಯ ಮಶೀನಿಗೆ ಹೋಗತೊಡಗಿದ್ದರು.
ಇದಕ್ಕೆ ಕಲಿಸೋಣ ಅಂದುಕೊಂಡೆ:
ಬಾಗಿಲು ಬಡಿದರೆ ಬಂದು ಮೊಣಕಾಲು ಮುಟ್ಟು,
ರೀಲು ಬಿದ್ದರೆ ತಾ.
ಅಷ್ಟು ಸಾಕು.

ಮೊದಲು ಕೂಡುವ ಪಾಠ.
"ಕುಂದ್ರು" ಅಂದೆ, ಇಂಡಿ ತಾಲೂಕಿನ ಗಂಟಲಲ್ಲಿ.
ಶೇಂಗಾ ಕಾಳನ್ನು ಮೂಗಿನಿಂದ ನೆತ್ತಿಯ ಕಡೆ ಒಯ್ದರೆ
ಮೋರೆ ಮೇಲೇರಿತು, ಗುಂಡಿಯ ಕುಂಡಿ ನೆಲಕ್ಕಿಳಿಯಿತು,
ಅದೇ ಗಳಿಗೆಗೆ ದಾರದ ಕತ್ತರಿ ಚಿಟಕ್ ಅನ್ನಿಸಿದೆ:
ಇದೇ ಸರಿ, ಕಾಳು ನಿನ್ನದು.
ಆ ಚಿಟಕ್ಕು ಅದಕ್ಕೆ ಕೇಳಿಸುತ್ತದೆ,
ನನಗೆ ಹೆಬ್ಬೆರಳಲ್ಲಿ ತಿಳಿಯುತ್ತದೆ.

ಮೇಲಿನ ಮನೆಯ ಉಲ್ಕಾ ಮಾವಶಿಗೆ "ಕುಂದ್ರು" ಹೊರಳಲಿಲ್ಲ.
ಮರಾಠಿಯಲ್ಲಿ "ಬಸ್" ಅಂದಳು. ಕೂತಿತು.
ಮರುದಿನ ಪಾತ್ರೆ ತುಂಬಿತೆಂದು ಹಾಲಿನ ಭಯ್ಯಾನಿಗೆ
ಹಿಂದಿಯಲ್ಲಿ "ಬಸ್ ಬಸ್" ಅಂದಳು.
ಕೂತದ್ದು ಎದ್ದು ಮತ್ತೊಮ್ಮೆ ಕೂತಿತು.
ರಜೆಗೆ ಬಂದ ತಂಗಿಯ ಮಗಳು
"ಊರಿನ ಬಸ್ ಎಷ್ಟೊತ್ತಿಗೈತಿ?" ಅಂದಾಗಲೂ ಕೂತು
ಶೇಂಗಾಕ್ಕೆ ಅವಳ ಕೈ ನೋಡಿತಂತೆ.
ಇದೆಲ್ಲ ನಕ್ಕವರು ಆಮೇಲೆ ನನಗೆ ಸನ್ನೆಯಲ್ಲಿ ಹೇಳಿದ್ದು.

ಬಾಗಿಲಿನ ಪಾಠಕ್ಕೇ ಬೆವರು ಹರಿದದ್ದು.
ತಾಂಬಟ್ ಆಳಿಯಲ್ಲಿ ಬೆಳಗಿನಿಂದ ತಾಮ್ರ ಬಡಿಯುತ್ತಾರೆ,
ಒಂದೊಂದು ಹಂಡೆಗೆ ಎಷ್ಟೋ ಸಾವಿರ ಏಟು.
ಸುತ್ತಿಗೆ ಎದ್ದಾಗಲೆಲ್ಲ ಗುಂಡಿ ಓಡಿಬಂದು ಮೊಣಕಾಲು ಮುಟ್ಟಿತು.
ಮೊದಲ ದಿನ ಎಪ್ಪತ್ತು ಸಲ ಬಾಗಿಲು ತೆಗೆದೆ.
ಓಣಿ ಖಾಲಿ. ಒಂದು ಸಲ ಮಾತ್ರ ಮೇಕೆ.

ತಾಂಬಟರ ಮಲ್ಹಾರನ ಅಂಗಿಗೆ ಪುಕ್ಕಟೆ ಕಾಲರು ತಿರುಗಿಸಿ ಹೊಲಿದು
ಸಂಜೆಗೆ ಕರೆದೆ. ನಿಮ್ಮಪ್ಪ ಹಂಡೆ ಬಡಿಯಲಿ,
ನೀನು ಬಾಗಿಲು ಬಡಿ, ಬಡಿಯುವಾಗ
ಕಿಟಕಿಯಲ್ಲಿ ನನಗೆ ಕಾಣುವ ಹಾಗೆ ಒಂದು ಕೈ ಎತ್ತು.
ಹಂಡೆಗೆ ಓಡಿಬಂದರೆ ನಾನು ಗೋಡೆ ನೋಡಿದೆ.
ಬಾಗಿಲಿಗಾದರೆ ಚಿಟಕ್, ಕಾಳು.
ಹನ್ನೊಂದು ಸಂಜೆ, ಅರ್ಧ ಸೇರು ಶೇಂಗಾ.
ನಾಯಿ ಹೆಸರಿಗೆ ತಕ್ಕ ಹಾಗೆ ದುಂಡಗಾಯಿತು.

ಹನ್ನೆರಡನೆಯ ದಿನ ಪೈಠಣಿಗೆ ಫಾಲ್ ಹಚ್ಚುತ್ತಿದ್ದೆ.
ಓಣಿಯ ತಾಮ್ರವೆಲ್ಲ ನೆಲದಿಂದ ಅಂಗಾಲಿಗೆ ಏರುತ್ತಿತ್ತು.
ಗುಂಡಿ ಎದ್ದಿತು. ಒಂದು ಕಿವಿ ಬೀದಿಗೆ, ಒಂದು ಕದಕ್ಕೆ.
ಬೀದಿಯ ಕಿವಿ ಮಡಚಿತು.
ಬಂದು ಮೊಣಕಾಲ ಮೇಲೆ ಮುಂಗಾಲಿಟ್ಟಿತು.
ತೆಗೆದರೆ ಹೊಸ ಗಿರಾಕಿ, ಬಡಿಯುವ ಕೈ ಇನ್ನೂ ಗಾಳಿಯಲ್ಲಿ.

ಕಳೆದ ವಾರ ಉಲ್ಕಾ ಮಾವಶಿ ನನ್ನ ಸೀಮೆಸುಣ್ಣ ತೆಗೆದುಕೊಂಡು
ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಮರಾಠಿಯಲ್ಲಿ ಬರೆದಳು:
ನಾಯಿಯ ಜೊತೆ ಬರೀ ಬಾಯಾಡಿಸುತ್ತೀ,
ದನಿಯೇ ಬರುವುದಿಲ್ಲ. ಯಾವಾಗಿನಿಂದ?

ನನಗೇನು ಗೊತ್ತು.
ಹಾಗಾದರೆ ಇಷ್ಟು ದಿನ ಅದು ಕೂತದ್ದು ಯಾವ ಮಾತಿಗೆ?
ಕಾಳು ಹಿಡಿದ ಬೆರಳಿಗೋ, ತುಟಿ ಮುಂದೆ ಬಂದದ್ದಕ್ಕೋ,
ಹೇಳುವ ಮೊದಲು ಇಳಿಯುವ ನನ್ನ ಭುಜಕ್ಕೋ.
ಇಂಡಿಯ ಕನ್ನಡವನ್ನು ಪುಣೆಯಲ್ಲಿ
ಒಂದು ಜೀವಕ್ಕಾದರೂ ಕಲಿಸಿದೆ ಎಂದು ಬೀಗಿದ್ದೆ.
ಸುಣ್ಣದ ಜೊತೆ ಅದನ್ನೂ ಅಂಗೈಯಲ್ಲಿ ಒರೆಸಿದೆ.

ಇದೀಗ ನೀಲಿ ರೀಲು ಉರುಳಿತು.
ತಂದಿದೆ, ಅರ್ಧ ದಾರ ಬಿಚ್ಚಿ,
ಮಂಚದ ಕಾಲಿಗೆ ಒಂದು ಸುತ್ತು ಹಾಕಿ, ಜೊಲ್ಲು ಸಮೇತ.
"ಬಿಡು" ಅನ್ನುತ್ತೇನೆ.
ಅಂದೆನೋ, ಇಲ್ಲವೋ.
ಬಿಟ್ಟಿತು.