ಬಿಸಿಲ್ಗುದುರೆಗೊಂದು ಗಾಜು

ಮೊರಾಗ್ ಟ್ವೀಡಿ ಅಂಗಡಿಗೆ ಬಂದದ್ದು ಜನವರಿಯ ನಡು ಹಗಲು.
ಅಲೆಕ್ಸಾಂಡ್ರಾ ಊರಿನ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬ,
ಅದರೊಳಗೆ ಎರಡು ವರ್ಷದ ಜೇನು
ನೋಟಾಗಿ, ಚಿಲ್ಲರೆಯಾಗಿ.

"ಸಾವಿರ ಗಜಕ್ಕೆ ಒಂದು ದುರ್ಬೀನು,
ಬಂದೂಕಿನ ಬೆನ್ನಿಗೆ ಕೂರುವಂಥದ್ದು" ಅಂದಳು.
"ಕೊಲ್ಲುವುದಕ್ಕಲ್ಲ. ಕಾಗದಕ್ಕೆ."
ನಾನೇನೂ ಕೇಳಿರಲಿಲ್ಲ.

ಮೂವತ್ತು ವರ್ಷದಿಂದ ಗಾಜು ಮಾರುತ್ತಿದ್ದೇನೆ.
ಬಂದವರ ಮೊದಲ ಮಾತು: ಎಷ್ಟು ಪಟ್ಟು?
ಅಭ್ಯಾಸಬಲ, ಅರವತ್ತು ಪಟ್ಟಿನದನ್ನೇ ಇಳಿಸಿದೆ.
ದಪ್ಪ ಕೊಳವೆ, ಮಲಗಿದ ಬೆಕ್ಕಿನಷ್ಟು ಭಾರ.
ಮೇಲಿನ ಗುಂಡಿ ತಿರುವಿ ಕೇಳಿಸಿದೆ.
ಟಿಕ್. ಟಿಕ್. ಟಿಕ್.
ಇಲ್ಲಿ ಒಂದು ಟಿಕ್ ಅಂದರೆ
ಅಲ್ಲಿ, ಸಾವಿರ ಗಜದಾಚೆ, ಗುಂಡು ಸರಿಯುವುದು
ಒಂದು ಹೆಬ್ಬೆರಳಗಲ.

ಅವಳು ಕಣ್ಣು ಮುಚ್ಚಿ ಆಲಿಸಿದಳು,
ಪೆಟ್ಟಿಗೆಗೆ ಕಿವಿಯಿಟ್ಟು
ಒಳಗೆ ರಾಣಿ ಇದ್ದಾಳೋ ಇಲ್ಲವೋ ಅಂತ ತಿಳಿಯುವವಳ ಹಾಗೆ.
"ಏಳನೆಯದು ಮೆತ್ತಗಿದೆ."
ಮತ್ತೆ ತಿರುವಿದೆ.
ಹೌದು, ಮೆತ್ತಗಿತ್ತು.
ಹನ್ನೊಂದು ತಿಂಗಳು ನನ್ನ ಕಪಾಟಿನಲ್ಲೇ ಇತ್ತು ಅದು.

ಹಿತ್ತಲ ಕಟ್ಟೆಗೆ ಮುಕ್ಕಾಲಿ ಒಯ್ದು ನಿಲ್ಲಿಸಿದೆವು.
ಹೊಳೆಯಾಚೆ ಬೋಳು ಗುಡ್ಡ, ಒಣಗಿದ ಥೈಮಿನ ಪೊದೆ,
ನೆತ್ತಿಯ ಬಳಿ ಊರಿಗೆಲ್ಲ ಕಾಣುವ ಗಡಿಯಾರ.
ಕಣ್ಣಿಟ್ಟಳು. ತುಂಬ ಹೊತ್ತು ಸುಮ್ಮನಿದ್ದಳು.
"ನಿಮಿಷದ ಮುಳ್ಳು ಕರಗುತ್ತಿದೆ."

ಬಿಸಿಲ್ಗುದುರೆ, ಅಂದೆ. ಗಾಜಿನ ತಪ್ಪಲ್ಲ.
ಗುರಿಯೊಂದನ್ನೇ ಹತ್ತಿರ ಕರೆಯಲಿಕ್ಕಾಗದು,
ನಡುವಿನ ಕಾವೆಲ್ಲ ಅದರ ಹಿಂದೆ
ದಿಬ್ಬಣ ಕಟ್ಟಿಕೊಂಡು ಬರುತ್ತದೆ.
ಕರೆ ದೊಡ್ಡದಾದಷ್ಟೂ ನೆಂಟರು ಜಾಸ್ತಿ.

ಅವಳು ನಕ್ಕಳು.
"ನಮ್ಮ ಕ್ಲಬ್ಬಿನ ಡುಗಾಲ್ಡನದು ಎಂಬತ್ತು ಪಟ್ಟು.
ಬೆಳಿಗ್ಗೆ ಎಂಟಕ್ಕೆ ಕಾಗದದ ಮಡಿಕೆ ಎಣಿಸುತ್ತಾನೆ,
ಹನ್ನೊಂದಕ್ಕೆ ಆಕಾಶವನ್ನು ಬೈಯುತ್ತ ಕೂರುತ್ತಾನೆ."

ಆಮೇಲೆ ತಾನೇ ಒಳಗೆ ಹೋದಳು.
ಒಂದೊಂದೇ ಎತ್ತಿ, ಒರೆಸಿ, ಇಟ್ಟು,
ಬೆಲೆಯ ಚೀಟಿಯನ್ನು ತಿರುಗಿಸಿಯೂ ನೋಡದೆ.
ಒಂದರ ಅಡ್ಡಗೆರೆ ಹುರಿಯಷ್ಟು ದಪ್ಪ,
ಗುರಿಯ ನಡುಗಣ್ಣನ್ನೇ ನುಂಗಿಬಿಡುತ್ತದೆ.
ಇನ್ನೊಂದರಲ್ಲಿ ಗೀಟು, ಚುಕ್ಕೆ, ಅಂಕಿ,
"ಇದು ನೋಡುವುದಕ್ಕೋ, ಲೆಕ್ಕ ಬರೆಯುವುದಕ್ಕೋ?"
ಕೊನೆಗೆ ಕೆಳಗಿನ ಸಾಲಿನಿಂದ ಒಂದು ಹಳೆಯದು,
ಯಾರೋ ಬಳಸಿ ಬಿಟ್ಟದ್ದು, ಮೂವತ್ತೆರಡು ಪಟ್ಟು,
ಉಂಗುರ ಕಚ್ಚಿದ ಜಾಗದಲ್ಲಿ ಬಣ್ಣ ಹೋಗಿದೆ.
ಅಡ್ಡಗೆರೆ ಮಾತ್ರ ಕೂದಲೆಳೆ.

ಇಪ್ಪತ್ತನಾಲ್ಕಕ್ಕೆ ಇಳಿಸಿ
ಪಕ್ಕದ ಗುಂಡಿಯನ್ನು ಒಂದು ಎಳ್ಳು ಹಿಂದಕ್ಕೆ ತಂದಳು.
ಗಡಿಯಾರ ಮಂಜಾಯಿತು.
ನಾನು ಬಾಯಿ ತೆರೆಯುವಷ್ಟರಲ್ಲಿ
"ಇರು" ಅಂದಳು, "ಈಗ ಕಾಣುತ್ತಿವೆ."
ಏನು?
"ನಿನ್ನ ಕುದುರೆಗಳು. ಎಡದಿಂದ ಬಲಕ್ಕೆ.
ನಾಗಾಲೋಟವಲ್ಲ, ನೀರಿಗೆ ಹೊರಟ ನಡಿಗೆ."

ನಾನೂ ಬಗ್ಗಿ ನೋಡಿದೆ.
ಗುಡ್ಡಕ್ಕೂ ನಮಗೂ ನಡುವೆ, ಹೊಳೆಯ ಮೇಲೆ,
ಬಣ್ಣವಿಲ್ಲದ ಕೇಸರಗಳು
ಒಂದೇ ಕಡೆಗೆ ವಾಲಿಕೊಂಡು ಹೋಗುತ್ತಿದ್ದವು.
ಈ ಹಾಳು ಮಿಣುಗನ್ನು ಅಡಗಿಸುತ್ತೇವೆಂದು
ಎಷ್ಟು ಗಾಜು ಮಾರಿದ್ದೆ ನಾನು!
ಇವಳು ಅದನ್ನೇ ಕೇಳಿಕೊಂಡು ಬಂದಿದ್ದಳು.

ನೋಟು ಎಣಿಸುವಾಗ ಬೆರಳಿಗೆ ಬೆರಳು ಅಂಟಿತು.
ಉಳಿದ ದುಡ್ಡಿಗೆ ಎರಡು ಹೊಸ ಉಂಗುರ, ಒಂದು ಮಟ್ಟಗೋಲು.
ಡಬ್ಬ ಇಲ್ಲೇ ಬಿಟ್ಟು ಹೋದಳು.
ಅದರಲ್ಲೀಗ ತಿರುಪುಮೊಳೆ ಹಾಕಿಡುತ್ತೇನೆ, ಇರುವೆ ಬರುತ್ತವೆ.

ಫೆಬ್ರವರಿಯಲ್ಲಿ ಒಂದು ಕಾಗದ ಬಂತು, ಪೆನ್ಸಿಲಿನಲ್ಲಿ:
"ಮೊದಲ ಗುಂಡು ಬಲಕ್ಕೆ ಎರಡು ವೃತ್ತ.
ಕುದುರೆ ಸರಿಯಾಗಿಯೇ ಹೇಳಿತ್ತು,
ನಾನು ನಂಬಲಿಲ್ಲ.
ಎರಡನೆಯದರಿಂದ ನಂಬಿದೆ."
ಗೆದ್ದಳೋ ಇಲ್ಲವೋ ಬರೆದಿಲ್ಲ.

ಅರವತ್ತು ಪಟ್ಟಿನದು ಕಪಾಟಿನಲ್ಲೇ ಇದೆ.
ಏಳನೆಯ ಟಿಕ್ ಮೆತ್ತಗಿದೆ ಅಂತ
ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ.
ಕಿವಿಯ ಹತ್ತಿರ ತಂದು ತಿರುವುತ್ತಾರೆ,
ಗೊತ್ತಾಗುತ್ತಿಲ್ಲವಲ್ಲ, ಅನ್ನುತ್ತಾರೆ,
ಎಷ್ಟು ಪಟ್ಟು ಅಂತ ಕೇಳುತ್ತಾರೆ.