ಸುಳ್ಳು ಜೇಬು

ಕೌಲ್ ಬಜಾರಿನ ಹಿಂದಿನ ಓಣಿ, ತಗಡಿನ ಶೆಡ್ಡು,
ಇಪ್ಪತ್ತೆರಡು ಮಿಷನ್ನು.
ಇವುಗಳ ಗದ್ದಲದಾಗ ಮಾತಾಡಬೇಕಂದ್ರೆ
ಕೂಗಲೇಬೇಕು.
ಕೂಗಿದ ಮ್ಯಾಲೆ ಯಾವ ಮಾತಾದರೂ
ತೀರ್ಪಾಗಿಬಿಡ್ತೈತೆ.

ಎರ್ರಿಸ್ವಾಮಿ, ಸೈಡು ಹೊಲಿಯೋನು:
ಜಿಲ್ಲೆ ಹೋಳು ಮಾಡಿದ್ರು, ಹಂಪಿ ಅತ್ತ ಹೋತು,
ಡ್ಯಾಮು ಅತ್ತ ಹೋತು,
ಬಿಸಿಲು ಮಾತ್ರ ಹಂಚಲಿಲ್ಲ ನೋಡು,
ಪೂರಾ ನಮಗೇ ಬಿಟ್ರು!

ದಾದಾಪೀರ್‌ಗೆ ಜಿಲ್ಲೆ ಬ್ಯಾಡ.
ರಾತ್ರಿ ಮ್ಯಾಚು ಇನ್ನೂ ಅವನ ಕಣ್ಣಾಗೇ ಐತೆ.
ಹತ್ತೊಂಬತ್ತನೇ ಓವರು ಆ ಹುಡುಗನಿಗೆ ಯಾಕ ಕೊಟ್ಟ?
ಒಂದು ಕಾಜಾ, ಒಂದು ಬೈಗುಳ,
ಕ್ಯಾಪ್ಟನ್ನು ಇವನ ಸ್ವಂತ ಅಳಿಯ ಅನ್ನೋಹಂಗ.
ಆಮ್ಯಾಲೆ ಆ ಪ್ಯಾಂಟು ನನ್ನ ಕೈಗೆ ಬಂತು.
ನಾಕನೇ ಬೈಗುಳಕ್ಕೆ
ಕಾಜಾ ಸೊಟ್ಟಗಾಗಿತ್ತು.

ಗ್ರೈಂಡರ್ ಹಿಡಿದು ಮೊಣಕಾಲು ಹರಿಯೋನು ಗಾದಿಲಿಂಗ:
ಹೊಲಿಯೋರೂ ನಾವೇ, ಹರಿಯೋರೂ ನಾವೇ,
ಹರಿದದ್ದಕ್ಕೆ ಇನ್ನೂರು ಹೆಚ್ಚಿಗೆ!
ನಮ್ಮಪ್ಪನ ಅಂಗಿ ಇವತ್ತಿದ್ದಿದ್ರೆ
ಶೋರೂಮಿನಾಗ ತೂಗು ಹಾಕ್ತಿದ್ರು.

ಎರ್ರಿಸ್ವಾಮಿ ನನ್ನ ಕಡೆ ತಿರುಗಿದ:
ಇವರಿಗೇನಪ, ಬಸ್ಸು ಫ್ರೀ.
ನಾನು ದಾರ ಕತ್ತರಿಸ್ತಿದ್ದೆ.
ಮೊದಲು ಟಂಟಂನಾಗ
ಒಂದೇ ಕುಂಡಿ ಮ್ಯಾಲೆ ಕುಂತು ಬರ್ತಿದ್ದೆ,
ಈಗ ಬಸ್ಸಿನಾಗ ಎರಡೂ ಕಾಲ ಮ್ಯಾಲೆ ನಿಂತು ಬರ್ತೀನಿ.
ಇದು ನನ್ನ ಅಭಿಪ್ರಾಯ ಅಲ್ಲ,
ನನ್ನ ಕಾಲಿಂದು.

ಮೂರು ಗಂಟೆಗೆ ಕರೆಂಟು ಹೋತು.
ಇಪ್ಪತ್ತೆರಡು ಮಿಷನ್ನು ಒಮ್ಮೆಲೇ ಬಾಯಿ ಮುಚ್ಚಿದವು,
ಎರ್ರಿಸ್ವಾಮಿ ಬಾಯಿ ಮುಚ್ಚಲಿಲ್ಲ.
"ಎಲ್ಲಾರೂ ಕಳ್ಳ ನನ್ನ ಮಕ್ಕಳೇ!"
ಬಾಗಿಲಾಗ ಓನರ್ ನಿಂತಿದ್ರು.
"ಎಲ್ಲಾರೂ ಅಂದ್ರೆ... ಎಲ್ಲಾರೂ ಅಲ್ಲ ಸರ್,
ಮ್ಯಾಲಿನೋರು."
ಓನರ್ ಮ್ಯಾಲೆ ನೋಡಿದ್ರು.
ಫ್ಯಾನು ನಿಂತಿತ್ತು.

ಚಾ ಬಂತು, ಕಾಗದದಾಗ ಮೆಣಸಿನಕಾಯಿ ಬಜ್ಜಿ,
ಎಣ್ಣಿಗೆ ಪಾರದರ್ಶಕ ಆದ ಯಾವನೋ ಮಂತ್ರಿಯ ಹೇಳಿಕೆ.
ಸದ್ದಿಲ್ಲದಾಗ ಎಲ್ಲಾರ ದನಿಯೂ ಸಣ್ಣದಿತ್ತು,
ಒಬ್ಬೊಬ್ಬರದೂ ಹೊಸದಾಗಿ ಕೇಳಿದಂಗ.
ದಾದಾಪೀರ್ ಅಂದ:
ಹುಲಿಗೆಮ್ಮಕ್ಕ, ನೀ ಏನಂತಿ?
ಯಾವುದರ ಬಗ್ಗೆ ಅಂತ ಅವನೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಹೆಣ್ಮಕ್ಕಳ ಪ್ಯಾಂಟಿಗೆ ಜೇಬು ಯಾಕ ಸುಳ್ಳು? ಅಂದೆ.
ಹೊಲಿಗೆ ಐತೆ, ತಾಮ್ರದ ರಿವೀಟು ಐತೆ, ಬಾಯಿ ಐತೆ,
ಹೊಟ್ಟಿ ಇಲ್ಲ.
ದಿನಕ್ಕೆ ಮುನ್ನೂರು ಪ್ಯಾಂಟು ನೋಡ್ತೀನಿ,
ಬೆರಳು ತೂರಿಸಿದ್ರೆ ಉಗುರೂ ಮುಳುಗೋದಿಲ್ಲ.
ನಮ್ಮವ್ವನ ಸಂಚಿಗೆ ನಾಕು ಖಾನೆ ಇದ್ದವು.
ಎಲಿಗೊಂದು, ಅಡಿಕಿಗೊಂದು,
ಸುಣ್ಣದ ಡಬ್ಬಿಗೊಂದು,
ಇನ್ನೊಂದರಾಗ ಏನಿತ್ತಂತ
ನಮ್ಮಪ್ಪಗ ಸಾಯೋತನಕ ಗೊತ್ತಾಗಲಿಲ್ಲ.

ನಕ್ಕರು. ಭಾಳ ಹೊತ್ತು ನಕ್ಕರು.
ಅದು ಡಿಸೈನಕ್ಕಾ, ಅಂದ ಗಾದಿಲಿಂಗ.
ಬ್ಯಾಗ್ ಹಿಡೀತಾರಲ್ಲ, ಅಂದ ಎರ್ರಿಸ್ವಾಮಿ.
ಕಟಿಂಗ್ ಮಾಸ್ಟರು ಮೆಹಬೂಬಣ್ಣ ಮಾತ್ರ
ಸೀಮೆಸುಣ್ಣ ಕಿವಿ ಮ್ಯಾಲಿಂದ ತಗದು
ಟೇಬಲ್ ಮ್ಯಾಲೆ ಒಂದು ಜೇಬು ಗೀಚಿದರು,
ಉದ್ದಕ್ಕ, ಅಂಗೈ ಮುಳುಗೋವಷ್ಟು.
ಇಷ್ಟು ಬಟ್ಟಿ ಉಳೀತೈತೆ, ಅಂದರು.
ಒಂದು ಪ್ಯಾಂಟಿಗೆ ನಾಕು ರೂಪಾಯಿ.
ಆಮ್ಯಾಲೆ ಅಂಗೈಯಿಂದಲೇ ಅದನ್ನ ಒರೆಸಿದರು.

ಓನರ್ ಫೋನು ನೋಡ್ತಿದ್ರು.
ಹತ್ತೊಂಬತ್ತನೇ ಓವರು ಯಾರಿಗೆ ಕೊಡಬೇಕಂತ
ಖಚಿತ ಗೊತ್ತಿದ್ದ ದಾದಾಪೀರ್
ಆರಿದ ಚಾ ಊದಿಕೋತ ಕುಂತ.

ಕರೆಂಟು ಬಂತು.
ಮತ್ತ ಕೂಗಾಟ, ಕಾರ್ಪೊರೇಷನ್ ಚುನಾವಣೆ,
ನಮ್ಮ ವಾರ್ಡಿನೋನು ಕೊಟ್ಟ ಕುಕ್ಕರಿಗೆ ಸೀಟಿ ಇಲ್ಲ,
ಬೌಲಿಂಗಿಗೆ ಉದ್ದ ಇಲ್ಲ,
ಈಗಿನ ಹುಡುಗರಿಗೆ ರೀಲು ಬಿಟ್ರೆ ದಾರ ಗೊತ್ತಿಲ್ಲ.

ಸಂಜಿಗೆ ವಾರದ ಬಟವಾಡೆ.
ಎಣಿಸಿದೆ, ಮತ್ತೊಮ್ಮೆ ಎಣಿಸಿದೆ,
ಮನಿಗೆ ಇಷ್ಟು, ಚೀಟಿಗೆ ಇಷ್ಟು,
ಒಂದು ನೋಟು ಬ್ಯಾರೆ ಮಡಚಿದೆ.

ಎಲ್ಲಿಟ್ಟೆ ಅಂತ ಕೇಳಬ್ಯಾಡ್ರಿ.